ಮೈಗೆ ಹೊಂದದ ಕೊಡಲಿ

ಕಾಡಿನಂಚಿನ ಪ್ರವಾಸಿಗರ ಡೇರೆ ಶಿಬಿರಕ್ಕೆ ಹೊಸ ಕೊಡಲಿಗಳು ಬಂದ ದಿನ ಸೌದೆ ಅಂಗಳದ ಹೆಂಗಸರು ಅವನ್ನು ಮದುವೆ ಹೆಣ್ಣಿನ ಹಾಗೆ ಮುಟ್ಟಿ ಮುಟ್ಟಿ ನೋಡಿದರು. ಅಲಗು ಫಳಫಳ, ಹಿಡಿಯುವ ಮರದ ಕಾವಿಗೆ ಜೇನುಬಣ್ಣದ ವಾರ್ನಿಷ್. ಹಳೆಯ ಗಿಡ್ಡ ಕೊಡಲಿಗಳನ್ನು ಮ್ಯಾನೇಜರು ಅವತ್ತೇ ಗುಜರಿಗೆ ಸಾಗಿಸಿದ್ದರು. ಅತಿಥಿಗಳು ಬೆಂಕಿಯ ಸುತ್ತ ಕೂರುವ ಮೊದಲು ಸೌದೆ ಸೀಳುವುದರ ಫೋಟೋ ತೆಗೆಯುತ್ತಾರಂತೆ, ಅದರಲ್ಲಿ ಕೊಡಲಿ ಅಂದವಾಗಿ ಕಾಣಬೇಕಂತೆ. ಸೀಳುವವಳ ಭುಜದ ನೋವು ಯಾವ ಫೋಟೋದಲ್ಲೂ ಬೀಳುವುದಿಲ್ಲ. ಆದ್ದರಿಂದ ಕೊಡಲಿ ಆರಿಸುವಾಗ ಅವಳನ್ನು ಕರೆದು ಕೇಳಬೇಕೆಂದು ಯಾರಿಗೂ ಹೊಳೆಯಲಿಲ್ಲ.

ಕಾವುಗಳೋ, ಬಾಗಿಲ ಚೌಕಟ್ಟಿಗೆ ತಲೆ ತಗುಲುವಂಥ ಗಂಡಸರಿಗೆಂದು ಮಾಡಿದವು. ಅಂಗಳದಲ್ಲಿ ಇದ್ದವರೆಲ್ಲ ಹೆಂಗಸರು. ಎತ್ತುವಾಗ ಅಲಗಿನ ಭಾರ ಹಿಂದಕ್ಕೆ ಜಗ್ಗುತ್ತಿತ್ತು, ಇಳಿಸುವಾಗ ಅಲಗು ಮರದ ತುಂಡನ್ನು ದಾಟಿ ಕಾವು ಅದರ ಅಂಚಿಗೆ ಬಡಿದು ಮೊಣಕೈವರೆಗೂ ಜುಮ್ಮೆನ್ನುತ್ತಿತ್ತು. ಅಲ್ಲಿ ಒಟ್ಟಿಗೆ ದುಡಿಯುತ್ತಿದ್ದ ಅತ್ತೆ ಸೊಸೆಯರಿದ್ದರು; ಎಲ್ಲರಿಗಿಂತ ಹೆಚ್ಚು ಸೋತವಳು ಆ ಅತ್ತೆ. ಒಂದು ಕಾಲಕ್ಕೆ ಒಂದೇ ಏಟಿಗೆ ತುಂಡನ್ನು ಎರಡು ಮಾಡುತ್ತಿದ್ದವಳು, ಮದುವೆಯಾಗಿ ಬಂದ ಸೊಸೆಗೆ ಕೊಡಲಿ ಹಿಡಿಯುವುದನ್ನು ಕಲಿಸಿದವಳು, ಈಗ ಏಟೇಟಿಗೂ ನಿಂತು ಭುಜ ಒತ್ತಿಕೊಳ್ಳುತ್ತಿದ್ದಳು.

ಅದನ್ನು ಮ್ಯಾನೇಜರು ನೋಡಿದರು. ನೋಡಬೇಕಾದ್ದನ್ನು ಬಿಟ್ಟು ಉಳಿದದ್ದೆಲ್ಲ ಅವರ ಕಣ್ಣಿಗೆ ಬೀಳುತ್ತಿತ್ತು.

"ನಿಮ್ಮತ್ತೆ ಸೌದೆ ರಾಶಿ ಎಲ್ಲರದಕ್ಕಿಂತ ಚಿಕ್ಕದು ಕಣಮ್ಮಾ. ಇವತ್ತೊಂದು ದಿನ ನೋಡ್ತೀನಿ. ಆಗ್ಲಿಲ್ಲ ಅಂದ್ರೆ ನಾಳೆಯಿಂದ ಮನೇಲೇ ಇರ್ಲಿ," ಎಂದು ವಾರ ಕಳೆದ ಮೇಲೊಂದು ಬೆಳಿಗ್ಗೆ ಸೊಸೆಯ ಕಿವಿಗೆ ಹಾಕಿ ಹೋದರು.

ಅತ್ತೆ ಮನೆಯಲ್ಲಿ ಕೂರುವ ಜೀವವಲ್ಲ. ಕೂರಿಸಿದರೆ ಆರು ತಿಂಗಳೂ ಬಾಳುವುದಿಲ್ಲವೆಂದು ಸೊಸೆಗೆ ಗೊತ್ತಿತ್ತು. ಊಟದ ಹೊತ್ತಿಗೆ ಎಲ್ಲರೂ ಕೈ ತೊಳೆಯಲು ಹೋದಾಗ ಅವಳು ಮರ ಕೊಯ್ಯುವ ಗರಗಸ ತೆಗೆದುಕೊಂಡಳು. ಅತ್ತೆಯ ಕೊಡಲಿಯನ್ನು ಕಾಲಡಿ ಒತ್ತಿ ಹಿಡಿದು, ಕಾವಿನ ಕೆಳತುದಿಯನ್ನು ಒಂದು ಗೇಣು ಕೊಯ್ದು ಎಸೆದಳು. ವಾರ್ನಿಷ್ ಸಿಪ್ಪೆಯಂತೆ ಎದ್ದುಬಂತು. ಅವಳಿಗೆ ಎಷ್ಟೋ ದಿನದ ಮೇಲೆ ಹೊಟ್ಟೆ ತಣ್ಣಗಾಯಿತು.

ಊಟ ಮುಗಿಸಿ ಬಂದ ಅತ್ತೆ ಕೊಡಲಿ ಎತ್ತಿದಳು. "ಅರೆ, ಇದೇನೇ ಹಗುರ ಆಗಿದೆ!" ಅಂದಳು. ಮುಖ ಅರಳಿತು. ಸೊಸೆ ಏನೂ ತಿಳಿಯದವಳ ಹಾಗೆ ಸೆರಗು ಸಿಕ್ಕಿಸಿಕೊಂಡಳು. ಅತ್ತೆ ಹುಮ್ಮಸ್ಸಿನಿಂದ ಬೀಸಿದಳು.

ಕಾವಿನ ತುದಿಯಲ್ಲಿ ಒಂದು ಉಬ್ಬು ಇರುತ್ತದೆ. ಬೆವರಿದ ಅಂಗೈ ಜಾರದಂತೆ ತಡೆಯುವುದು ಅದೇ. ಸೊಸೆ ಕೊಯ್ದು ಎಸೆದದ್ದೂ ಅದನ್ನೇ. ಕೊಡಲಿ ಅತ್ತೆಯ ಕೈಯಿಂದ ಹಕ್ಕಿಯಂತೆ ಹಾರಿ, ಅತಿಥಿಗಳಿಗೆಂದು ಹರವಿದ್ದ ಮಡಚುಕುರ್ಚಿಯೊಂದರ ಬಟ್ಟೆಯನ್ನು ಸೀಳಿಕೊಂಡು ನೆಲಕ್ಕೆ ನಾಟಿ ನಿಂತಿತು. ಕುರ್ಚಿ ಖಾಲಿಯಿತ್ತು.

ಮ್ಯಾನೇಜರು ಓಡಿ ಬಂದು ಕೊಡಲಿ ಕಿತ್ತು ತಿರುಗಿಸಿ ನೋಡಿದರು. "ಶಿಬಿರದ ಸಾಮಾನು ಇದು! ಯಾರು ಕತ್ತರಿಸಿದ್ದು?"

ಸೊಸೆ ಬಾಯಿ ತೆರೆಯುವಷ್ಟರಲ್ಲಿ ಅತ್ತೆಗೆ ಎಲ್ಲ ಅರ್ಥವಾಗಿತ್ತು. "ನಾನೇ ಸಾರ್."

"ಅತ್ತೆ ಅಲ್ಲ ಸಾರ್, ನಾನು."

"ಇವಳ ಮಾತು ಕೇಳ್ಬೇಡಿ ಸಾರ್. ಇವಳಿಗೆ ಗರಗಸ ಹಿಡಿಯೋಕೆ ಎಲ್ಲಿ ಬರುತ್ತೆ? ನೋಡಿ, ಎಷ್ಟು ಸೊಟ್ಟ ಕೊಯ್ದಿದ್ದಾಳೆ."

"ಹಾಗಾದ್ರೆ ಕೊಯ್ದಿದ್ದು ಅವಳೇ?"

"ಹೂಂ... ಅಲ್ಲ. ನಾನೇ."

ಯಾರೋ ಕಿಸಕ್ಕೆಂದರು. ಮ್ಯಾನೇಜರ ಕಿವಿ ಕೆಂಪಾಯಿತು. "ಇಬ್ರೂ ಹೊರಡಿ. ಈಗ್ಲೇ."

ಅಂಗಳದಲ್ಲಿ ರೇಡಿಯೋ ಎಂದು ಕರೆಸಿಕೊಳ್ಳುವ ಒಬ್ಬಳಿದ್ದಳು, ನಿದ್ದೆಯಲ್ಲೂ ಬಾಯಿ ಮುಚ್ಚದವಳೆಂದು ಆ ಹೆಸರು. ಅವಳು ಒಂದು ಮಾತೂ ಆಡದೆ ತನ್ನ ಕೊಡಲಿಯನ್ನು ತುಂಡಿಗೆ ಒರಗಿಸಿ, ಪಕ್ಕದಲ್ಲಿ ಕೂತುಬಿಟ್ಟಳು. ಆ ಮೌನಕ್ಕೇ ಎಲ್ಲರೂ ತಿರುಗಿ ನೋಡಿದರು. ಆಮೇಲೆ ಇನ್ನೊಬ್ಬಳು ಕೂತಳು. ಮತ್ತೊಬ್ಬಳು.

"ಏನಿದು?" ಎಂದರು ಮ್ಯಾನೇಜರು.

"ಭುಜ ಎತ್ತೋಕಾಗ್ತಿಲ್ಲ ಸಾರ್," ಎಂದಳು ರೇಡಿಯೋ. "ವಾರದಿಂದ ಹೇಳ್ತಾನೇ ಇದ್ದೀನಿ. ನನ್ನ ಮಾತು ಜಾಸ್ತಿ ಅಂತ ನೀವು ಕೇಳಿಸ್ಕೊಳ್ಳಲಿಲ್ಲ."

"ಸಂಜೆಗೆ ಅತಿಥಿಗಳು ಬರ್ತಾರೆ ಕಣಮ್ಮಾ!"

"ಬರ್ಲಿ ಸಾರ್. ಕೊಡಲಿ ಚೆನ್ನಾಗಿದೆ, ಫೋಟೋ ತಕ್ಕೊಳ್ಳಲಿ."

ಮ್ಯಾನೇಜರು ಸುತ್ತ ನೋಡಿದರು. ಸೀಳದ ತುಂಡುಗಳು ಮೊಂಡು ಹಿಡಿದ ಎಮ್ಮೆಗಳಂತೆ ಬಿದ್ದಿದ್ದವು. ಅವರು ಅಂಗಿಯ ತೋಳು ಮಡಚಿ ತಾವೇ ಒಂದು ಕೊಡಲಿ ಎತ್ತಿದರು. ಅವರೂ ಕುಳ್ಳಗಿನ ಆಳು. ಕೊಡಲಿ ಹಿಂದಕ್ಕೆ ಜಗ್ಗಿ ಅವರನ್ನೇ ಎರಡು ಹೆಜ್ಜೆ ನಡೆಸಿತು. ಮೊದಲ ಏಟು ಮಣ್ಣಿಗೆ. ಎರಡನೆಯದಕ್ಕೆ ಕಾವು ತುಂಡಿನ ಅಂಚಿಗೆ ಬಡಿದು ಅವರು "ಅಯ್ಯಪ್ಪಾ!" ಎಂದು ಕೈ ಕೊಡವಿದರು. ಸೊಸೆ ಬೇರೆ ದಿನವಾಗಿದ್ದರೆ ಬಿದ್ದು ಬಿದ್ದು ನಗುತ್ತಿದ್ದಳೇನೋ. ಆದರೆ ಅದು ಅವಳಿಗೆ ಗೊತ್ತಿದ್ದ ನೋವು. ಆ ಜುಮ್ಮು ಬೆರಳಿಂದ ಹೊರಟು ಎಲ್ಲಿ ಹೋಗಿ ನಿಲ್ಲುತ್ತದೆಂದೂ ಅವಳು ಬಲ್ಲಳು.

ಮೂರನೆಯ ಏಟು ಅವರ ಪಾದದ ಪಕ್ಕದಲ್ಲೇ ಇಳಿಯಿತು.

"ಬಿಡೀಪ್ಪಾ, ಕಾಲು ಹೋಗುತ್ತೆ!" ಅತ್ತೆ ಮುಂದೆ ಹೋಗಿ ಕಾವು ಹಿಡಿದಳು. "ಕೈ ಚಾಚಿ. ಹಾಂ. ಅಲಗಿನ ತಲೆ ಅಂಗೈಲಿಟ್ರೆ ಕಾವಿನ ತುದಿ ಕಂಕುಳಿಗೆ ಬಂದು ನಿಲ್ಲಬೇಕು. ನಿಮ್ದು ನೋಡಿ, ಬೆನ್ನ ಹಿಂದಕ್ಕೆ ಹೋಗಿದೆ. ಇದು ನಿಮಗೂ ಅಲ್ಲ, ನಮಗೂ ಅಲ್ಲ."

ಮ್ಯಾನೇಜರು ಕೈ ಚಾಚಿದವರು ಚಾಚಿಕೊಂಡೇ ನಿಂತಿದ್ದರು. ಕೊನೆಗೆ ಮೆಲ್ಲಗೆ ಕೇಳಿದರು, "ಈಗೇನು ಮಾಡೋದು?"

"ಅದನ್ನ ಹೇಳ್ತೀನಿ. ಮೊದಲು ನೀವು ಹೇಳಿ, ನಾವಿಬ್ರೂ ನಾಳೆ ಬರೋದೋ ಬೇಡ್ವೋ?"

"ನಾಳೆ ನೋಡೋಣ..."

"ನೋಡೋದು ಬೇಡ ಸಾರ್," ಎಂದಳು ಸೊಸೆ. ತನ್ನ ದನಿ ಅಷ್ಟು ಗಟ್ಟಿಯಾಗಿ ಬಂದದ್ದು ಅವಳಿಗೇ ಹೊಸದು. "ಇಷ್ಟು ದಿನ ನೋಡಿದ್ದೇ ಸಾಕು. ಹೇಳಿಬಿಡಿ."

ಯಾರೂ ಏಳಲಿಲ್ಲ. ಮ್ಯಾನೇಜರು ಮಣಿಕಟ್ಟು ಉಜ್ಜಿಕೊಂಡರು. "ಬನ್ನಿ," ಎಂದರು. "ಇಬ್ರೂ ಬನ್ನಿ. ಕಾವುಗಳನ್ನೂ ನಿಮ್ಮ ಅಳತೆಗೆ ಮಾಡ್ಕೊಳ್ಳಿ."

"ಕೇಳಿಸ್ತೇನ್ರೇ ಎಲ್ರಿಗೂ?" ಎಂದು ರೇಡಿಯೋ ಮತ್ತೆ ಶುರುವಾದಳು. ಇನ್ನು ಕತ್ತಲಾಗುವವರೆಗೆ ಅವಳನ್ನು ನಿಲ್ಲಿಸುವವರಿರಲಿಲ್ಲ.

ಸೊಸೆ ಗರಗಸ ಹಿಡಿದು ಕೂತಳು. ಕಾವಿನ ಕೆಳತುದಿಗೆ ಅದರ ಹಲ್ಲು ಇಡುವಷ್ಟರಲ್ಲಿ ಅತ್ತೆ ಅವಳ ಕೈಗೆ ಫಟ್ಟನೆ ಹೊಡೆದಳು. "ಮೇಲಿಂದ ಕಣೇ, ಪೆದ್ದಿ! ಅಲಗು ಬಿಚ್ಚು. ಮೇಲಿನ ತುದಿ ಕೊಯ್ದು, ಹೆರೆದು, ಮತ್ತೆ ಕೂರಿಸಿ ಬೆಣೆ ಹೊಡಿ. ಉಬ್ಬು ಮುಟ್ಟಬೇಡ. ಇಷ್ಟು ವರ್ಷ ನಾನೇನು ಕಲಿಸಿದ್ದು ನಿಂಗೆ?"

"ಹಿಡಿಯೋದು ಕಲಿಸಿದ್ರಿ ಅತ್ತೆ. ಕೊಯ್ಯೋದು ಎಲ್ಲಿ ಕಲಿಸಿದ್ರಿ?"

"ಬಾಯಿ ನೋಡು ಇವಳದು!" ಎಂದು ಅತ್ತೆ ಬೈಯುತ್ತಲೇ ಪಕ್ಕದಲ್ಲಿ ಕೂತು, ಸೊಸೆ ಕೊಯ್ಯಲೆಂದು ಕಾವನ್ನು ಎರಡೂ ಕೈಯಿಂದ ಬಿಗಿಯಾಗಿ ಹಿಡಿದುಕೊಂಡಳು.