ಒಡಹುಟ್ಟಿದವರು: ಇಲ್ಲ

ಅಲೊಂಝೊ ಗ್ಯಾಸ್ಕಿನ್ಸ್ ಆ ಶನಿವಾರ ಇಬ್ಬರು ಮಕ್ಕಳನ್ನೂ ಶಾಲೆಯ ಲಾಟರಿಗೆ ಕರೆದುಕೊಂಡು ಹೋಗಿದ್ದೇ ತಪ್ಪು. ಅಲ್ಲ, ಅದು ಎರಡನೇ ತಪ್ಪು. ಮೊದಲನೆಯದನ್ನು ಅವನು ಜನವರಿಯಲ್ಲೇ, ಅಡಿಗೆಮನೆಯ ಮೇಜಿನ ಮೇಲೆ ನೀಲಿ ಶಾಯಿಯಲ್ಲಿ ಮಾಡಿ ಮುಗಿಸಿದ್ದ. ಕಿರಿಯವಳೊಬ್ಬಳನ್ನೇ ಕರೆದೊಯ್ದಿದ್ದರೆ ಆಗುತ್ತಿತ್ತು. ಆದರೆ ಹೆಂಡತಿ ವರ್ನಾ ಆಸ್ಪತ್ರೆಯ ಪಾಳಿಗೆ ಹೊರಡುವ ಮುಂಚೆ ಇಬ್ಬರಿಗೂ ಜಡೆ ಹೆಣೆದು, ಭಾನುವಾರದ ಕೋಟು ತೊಡಿಸಿ, ಬಾಗಿಲಲ್ಲಿ ನಿಲ್ಲಿಸಿಬಿಟ್ಟಿದ್ದಳು.

"ಇಬ್ರ ಹೆಸ್ರೂ ಬರ್ಲಿ ಅಂತ ದೇವ್ರನ್ನ ಕೇಳ್ಕೊಂಡಿದೀನಿ," ಅಂದಳು. "ನೀನೂ ದಾರೀಲಿ ಸ್ವಲ್ಪ ಕೇಳ್ಕೋ. ಡೀಕನ್ ಮಾತು ಅಂದ್ರೆ ಅವನಿಗೆ ಬೇಗ ಕೇಳ್ಸುತ್ತೇನೋ."

ದೇವರೇ ಇಳಿದು ಬಂದರೂ ಇಬ್ಬರ ಹೆಸರು ಬರುವಂತಿರಲಿಲ್ಲ. ಡಬ್ಬಿಯಲ್ಲಿದ್ದದ್ದು ಒಬ್ಬಳದೇ ಚೀಟಿ.

ವಿಷಯ ಇಷ್ಟು. ಉತ್ತರ ಫಿಲಡೆಲ್ಫಿಯಾದ ಆ ಬೀದಿಗಳಲ್ಲಿ ಮಕ್ಕಳಿರುವವರೆಲ್ಲ ಆಸೆಪಡುವುದು ಒಂದೇ ಒಂದು ಚಾರ್ಟರ್ ಶಾಲೆಗೆ. ಸರ್ಕಾರದ ದುಡ್ಡಿನಲ್ಲೇ ನಡೆಯುತ್ತದೆ, ಫೀಸಿಲ್ಲ, ಪರೀಕ್ಷೆಯಿಲ್ಲ, ಆದರೆ ಐದನೇ ತರಗತಿಗೆ ಇರುವುದು ಅರವತ್ತೇ ಜಾಗ. ಹಾಗಾಗಿ ಚೀಟಿ ಎತ್ತುತ್ತಾರೆ. ಗ್ಯಾಸ್ಕಿನ್ಸ್ ಮನೆಯಿಂದ ಈ ಸಲ ಐದಕ್ಕೆ ಹೋಗಬೇಕಾದವರು ಇಬ್ಬರು. ಕಮೀಲ್‌ಗೆ ಒಂಬತ್ತು ತುಂಬಿ ಹತ್ತು, ಓದುವುದರಲ್ಲಿ ಚುರುಕು. ಅಕ್ಕ ಝಿಪೋರಾಗೆ ಹನ್ನೊಂದು. ಅವಳನ್ನು ಹಳೇ ಶಾಲೆಯವರು ನಾಲ್ಕನೇ ತರಗತಿಯಲ್ಲೇ ಮತ್ತೊಂದು ವರ್ಷ ಕೂರಿಸಿದ್ದರು. ಅಕ್ಷರಗಳು ಅವಳಿಗೆ ಓಡುವ ಬಸ್ಸಿನ ಕಿಟಕಿಯಿಂದ ಕಂಡ ಅಂಗಡಿಯ ಬೋರ್ಡುಗಳ ಹಾಗೆ, ಕೂಡಿಸಿಕೊಳ್ಳುವಷ್ಟರಲ್ಲಿ ಹಿಂದೆ ಸರಿದುಬಿಡುತ್ತಿದ್ದವು.

ಅಲೊಂಝೊ ವಾರವಿಡೀ ನಗರದ ಬಸ್ಸು ಓಡಿಸುತ್ತಿದ್ದ, ಭಾನುವಾರ ಚರ್ಚಿನಲ್ಲಿ ಪಾದ್ರಿಗೆ ನೆರವಾಗುವ ಡೀಕನ್ ಆಗಿ ಎದ್ದು ನಿಂತು ಬೈಬಲ್ ಓದುತ್ತಿದ್ದ. ಅವನ ಓದು ಅಂದರೆ ಓದು! ಕಿವಿ ಕೇಳದ ಮುದುಕಿಯರೂ ತಲೆದೂಗುತ್ತಿದ್ದರು. ಅಂಥವನ ಮಗಳು ಹೋದ ಜೂನ್‌ನಲ್ಲಿ, ಚರ್ಚಿನಲ್ಲಿ ಮಕ್ಕಳೇ ಬೈಬಲ್ ಓದುವ ಭಾನುವಾರ, ಎಲ್ಲರೆದುರು ಒಂದು ಸಾಲಿಗೆ ಸಿಕ್ಕಿಕೊಂಡು ಬೆವತು ನಿಂತಾಗ ಅವನಿಗೆ ಮರುಕ ಬರಲಿಲ್ಲ. ನಾಚಿಕೆ ಬಂತು. ಇವಳು ನನ್ನವಳಲ್ಲ ಅನ್ನುವ ಹಾಗೆ ಹಾಡಿನ ಪುಸ್ತಕ ತಿರುವುತ್ತ ಕೂತಿದ್ದ. ಎಂಥ ಅಪ್ಪ ನೋಡಿ.

ಅದರ ಮೇಲೆ ಕ್ಷೌರದಂಗಡಿಯ ಗಾಳಿಮಾತು ಬೇರೆ. "ಚೀಟಿ ಗೀಟಿ ಎಲ್ಲ ನಾಟ್ಕ ಕಣೋ," ಅಂದಿದ್ದ ಕತ್ತರಿ ಹಿಡಿದವನು. "ಒಳಗೆ ಕೂತು ಕೆನೆ ಮಾತ್ರ ತಗೀತಾರೆ. ಮನೇಲಿ ಒಂದು ದಡ್ಡ ಮಗು ಇದೆ ಅಂತ ಗೊತ್ತಾದ್ರೆ ಮುಗೀತು, ಇನ್ನೊಂದನ್ನೂ ಮೂಸಲ್ಲ." ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜಾತಿಯವನಾದ ಅಲೊಂಝೊ ನಂಬಿದ. ನಂಬುವುದು ಅವನಿಗೆ ಬೇಕಾಗಿಯೂ ಇತ್ತು. ಕಮೀಲಳ ಒಂದೇ ಫಾರಂ ತುಂಬಿದ. ಆರನೇ ಪ್ರಶ್ನೆ: ಈ ಶಾಲೆಗೆ ಅರ್ಜಿ ಹಾಕುತ್ತಿರುವ ಒಡಹುಟ್ಟಿದವರು ಇದ್ದಾರೆಯೇ? 'ಇಲ್ಲ' ಎಂದು ಬರೆದ. ಅದನ್ನು ಶಾಲೆಗೆ ಕೊಟ್ಟು ಮನೆಗೆ ಬಂದು, ಇಬ್ಬರದೂ ಹಾಕಿ ಬಂದೆ ಎಂದ. ಅರವತ್ತು ಹೆಸರು ಕೂಗಿ ಬಾಗಿಲು ಹಾಕುತ್ತಾರೆ, ನಿನಗೆ ಅದೃಷ್ಟವಿಲ್ಲ ಮಗಳೇ ಅಂದುಬಿಟ್ಟರಾಯಿತು ಅನ್ನುವುದು ಅವನ ಲೆಕ್ಕ.

ಶಾಲೆಯ ಜಿಮ್ನೇಷಿಯಂ ಕಿಕ್ಕಿರಿದಿತ್ತು. ಅಪ್ಪಂದಿರು ಗೋಡೆಗೆ ಒರಗಿ ನಿಂತಿದ್ದರು, ಅಮ್ಮಂದಿರ ಮಡಿಲಲ್ಲಿ ಕೂಸುಗಳು, ಸಾಸಿವೆ ಮೆತ್ತಿದ ಪ್ರೆಟ್ಜೆಲ್ ರೊಟ್ಟಿ ಕೈಯಿಂದ ಕೈಗೆ ಹೋಗುತ್ತಿತ್ತು. ಇವರ ಹಿಂದಿನ ಸಾಲಿನಲ್ಲೇ, ಕೇಡುಗಾಲಕ್ಕೆ, ಚರ್ಚಿನವರೆಲ್ಲ ಸಿಸ್ಟರ್ ಎಂದು ಕರೆಯುವ ಬ್ರಾಡ್‌ನ್ಯಾಕ್ಸ್ ಅಜ್ಜಿ ಮೊಮ್ಮಗನನ್ನು ಕೂರಿಸಿಕೊಂಡು ಬಂದಿದ್ದಳು. ಇಡೀ ಬೀದಿಗೆ ಎರಡು ಕಿವಿ ಇದ್ದರೆ ಆ ಎರಡೂ ಅವಳವು.

"ಏನ್ ಡೀಕನ್, ಇಬ್ರನ್ನೂ ಹಿಡ್ಕೊಂಡು ಬಂದ್ಬಿಟ್ಟಿದೀಯ? ದುರಾಸೆ ಜಾಸ್ತಿ ಆಯ್ತು!"

ಅಲೊಂಝೊ ಹಲ್ಲು ಕಿರಿದ.

ಪ್ರಿನ್ಸಿಪಾಲ್ ಎದ್ದು ನಿಂತ. ಹರೆಯದವನು, ಅಂಗಿಯ ತೋಳು ಮಡಿಸಿದ್ದ. "ಸುಮಾರು ಜನಕ್ಕೆ ಒಂದು ಭ್ರಮೆ ಇದೆ," ಎಂದು ಶುರುಮಾಡಿದ. "ನಾವು ಜಾಣ ಮಕ್ಕಳನ್ನ ಆರಿಸ್ತೀವಿ ಅಂತ. ನಮ್ಗೆ ಆರಿಸೋ ಹಕ್ಕೇ ಇಲ್ಲ. ಚೀಟಿ ಯಾರನ್ನ ಕೊಡುತ್ತೋ ಅವರು ನಮ್ಮ ಮಕ್ಕಳು. ಸೇರಿದ ಮೇಲೆ ಪರೀಕ್ಷೆ ಮಾಡ್ತೀವಿ, ಎಲ್ಲಿಂದ ಶುರು ಮಾಡ್ಬೇಕು ಅಂತ ತಿಳ್ಕೊಳ್ಳೋಕೆ. ಐದನೇ ಕ್ಲಾಸಿನ ಮಗು ಎರಡನೇ ಕ್ಲಾಸಿನಷ್ಟು ಓದಿದ್ರೆ ಎರಡರಿಂದಲೇ ಶುರು. ದಿನಕ್ಕೆ ಎರಡು ಗಂಟೆ ಬರೀ ಓದು, ಐದು ಮಕ್ಕಳಿಗೆ ಒಬ್ಬ ಟೀಚರ್. ಹಿಂದೆ ಬಿದ್ದ ಮಕ್ಕಳಿಗಾಗಿಯೇ ಈ ಶಾಲೆ ಕಟ್ಟಿದ್ದು."

ಝಿಪೋರಾ ಅಪ್ಪನ ತೋಳು ಜಗ್ಗಿದಳು. "ಅಪ್ಪಾ, ಐದೇ ಮಕ್ಳಂತೆ! ಐದೇ ಜನದ ಮುಂದೆ ಆದ್ರೆ ನಾನು ಓದ್ತೀನಿ."

ತುಂಬಿದ ತಟ್ಟೆಯನ್ನು ಹಸಿದ ಮಗಳ ಮುಂದಿನಿಂದ ಎತ್ತಿಟ್ಟ ಮಹಾನುಭಾವ ಅಲೊಂಝೊನೇ. ಹೊರಗೆ ಎದ್ದು ಹೋಗೋಣ ಅಂದುಕೊಂಡ. ಅಷ್ಟರಲ್ಲಿ ಚೀಟಿಯ ಡಬ್ಬಿ ತಿರುಗತೊಡಗಿತು.

ಹೆಸರು ಕೂಗುತ್ತಿದ್ದವಳು ಕಚೇರಿಯ ಮಿಸ್ ಪೆಟಿಫೋರ್ಡ್. ದಪ್ಪ ಕನ್ನಡಕ, ನಿಧಾನದ ದನಿ. ಏಳನೇ ಚೀಟಿಗೆ ಯಾವನೋ ಹುಡುಗನ ಹೆಸರು ಬಂತು. ಅವಳು ಅವನ ಫಾರಂ ನೋಡಿ, "ಇವನ ತಂಗಿಯೂ ಅರ್ಜಿ ಹಾಕಿದಾಳೆ, ಎಂಟನೇ ಜಾಗ ತಂಗೀದು," ಅಂದಳು. ಮಕ್ಕಳಿಬ್ಬರ ಅಮ್ಮ ಕುರ್ಚಿ ಮೇಲೆ ಹತ್ತಿ ಕುಣಿದಳು. ಅಲೊಂಝೊ ಕಲ್ಲಾದ. ಹಾಗಾದರೆ ಒಬ್ಬಳು ಬಂದರೆ ಇನ್ನೊಬ್ಬಳೂ ಬಂದಂತೆ! ಆರನೇ ಪ್ರಶ್ನೆ ಕೇಳಿದ್ದು ಹೊರಗಿಡುವುದಕ್ಕಲ್ಲ, ಒಳಗೆ ಕರೆಯುವುದಕ್ಕೆ.

ಮೂವತ್ತೊಂದನೇ ಚೀಟಿ: "ಕಮೀಲ್ ಗ್ಯಾಸ್ಕಿನ್ಸ್!"

ಝಿಪೋರಾ ಕಿರುಚಿ ತಂಗಿಯನ್ನು ಅಪ್ಪಿಕೊಂಡಳು. ಆಮೇಲೆ ಬೆನ್ನು ನೆಟ್ಟಗೆ ಮಾಡಿ, ಕೋಟಿನ ಗುಂಡಿ ಹಾಕಿಕೊಂಡು, ಈಗ ತನ್ನದು ಅಂತ ಕಾದಳು. ಮಿಸ್ ಪೆಟಿಫೋರ್ಡ್ ಫಾರಂ ನೋಡಿದಳು, ಪಕ್ಕಕ್ಕಿಟ್ಟಳು, ಮೂವತ್ತೆರಡನೇ ಚೀಟಿ ಎತ್ತಿದಳು. ಅದು ಬೇರೆ ಯಾರದೋ.

"ನಂದು ಆಮೇಲೆ ಬರುತ್ತೇನೋ," ಅಂದಳು ಝಿಪೋರಾ.

ಅರವತ್ತಾಯಿತು. ಅಲೊಂಝೊ ಎದ್ದ. "ನಡೀರಿ ಹೋಗೋಣ."

"ಕೂತ್ಕೊಳೋ ಮಾರಾಯಾ," ಅಂದಳು ಹಿಂದಿನಿಂದ ಸಿಸ್ಟರ್ ಬ್ರಾಡ್‌ನ್ಯಾಕ್ಸ್. "ಇನ್ನು ಕಾಯೋ ಪಟ್ಟಿ ಇದೆ. ಕೊನೇ ಚೀಟಿವರೆಗೂ ಕೂಗ್ತಾರೆ, ಒಂದನ್ನೂ ಬಿಡಲ್ಲ. ದೊಡ್ಡೋಳ್ದು ಕೇಳೋದು ಬೇಡ್ವಾ?"

ಕೊನೇ ಚೀಟಿವರೆಗೂ. ಅಲೊಂಝೊ ಕೂತ. ಒಂದೂವರೆ ಗಂಟೆ ಕೂತ. ಪ್ರತಿ ಹೆಸರಿಗೂ ಝಿಪೋರಾ ಬೆರಳಿಗೆ ಬೆರಳು ಹೆಣೆದು ಕಣ್ಣು ಮುಚ್ಚುತ್ತಿದ್ದಳು, ಹೆಸರು ಬೇರೆಯಾದರೆ ಬಿಡುತ್ತಿದ್ದಳು. ಮತ್ತೆ ಹೆಣೆಯುತ್ತಿದ್ದಳು. ನೂರಾಯಿತು, ನೂರೈವತ್ತಾಯಿತು. ಜನ ಕರಗಿದರು. ಮಗಳ ಬೆರಳುಗಳನ್ನು ನೋಡಲಾಗದೆ ಅಲೊಂಝೊ ತನ್ನ ಬೂಟು ನೋಡಿಕೊಂಡಿದ್ದ. ಭೂಮಿ ಬಾಯಿ ಬಿಡಬಾರದೇ ಅನ್ನುತ್ತಾರಲ್ಲ, ಆ ಮಾತು ಯಾಕೆ ಹುಟ್ಟಿತು ಅಂತ ಅವನಿಗೆ ಆವತ್ತು ತಿಳಿಯಿತು. ಇನ್ನೂರ ಹದಿನಾಲ್ಕಕ್ಕೆ ಮಿಸ್ ಪೆಟಿಫೋರ್ಡ್ ಖಾಲಿ ಡಬ್ಬಿಯನ್ನು ಎತ್ತಿ ಎಲ್ಲರಿಗೂ ತೋರಿಸಿದಳು.

"ನನ್ನ ಚೀಟಿ ಎಲ್ಲೋ ಬಿದ್ದೋಗಿದೆ," ಅಂದಳು ಝಿಪೋರಾ. ಅಳಲಿಲ್ಲ. ಅಪ್ಪ ಬೇಡವೆನ್ನುವಷ್ಟರಲ್ಲಿ ಮೇಜಿನ ಹತ್ತಿರ ನಡೆದೇಬಿಟ್ಟಳು. ಅಪ್ಪನೂ ತಂಗಿಯೂ ಹಿಂದೆ ಓಡಿದರು.

"ಮೇಡಂ, ಒಂದು ಚೀಟಿ ಕೆಳಗೆ ಬಿದ್ದಿರ್ಬೇಕು. ಝಿಪೋರಾ ಗ್ಯಾಸ್ಕಿನ್ಸ್. ನಮ್ಮಪ್ಪಾನೇ ಬಂದು ಕೊಟ್ಟಿದಾರೆ."

ಮಿಸ್ ಪೆಟಿಫೋರ್ಡ್ ಮೇಜಿನ ಕೆಳಗೆ ಬಗ್ಗಿ ನೋಡಿದಳು, ಪಾಪ. ಆಮೇಲೆ ಫಾರಂಗಳ ಕಟ್ಟು ಬಿಚ್ಚಿದಳು. "ಗ್ಯಾಸ್ಕಿನ್ಸ್ ಅಂತ ಒಂದೇ ಇದೆ ಪುಟ್ಟಾ, ಕಮೀಲ್‌ದು. ಇಲ್ಲಿ ಒಡಹುಟ್ಟಿದವರು..." ಎಂದು ತಡೆದಳು. ಅಲೊಂಝೊನ ಮುಖ ನೋಡಿದಳು. ಫಾರಂ ಮುಚ್ಚಲು ಹೋದಳು.

ಝಿಪೋರಾ ಅಷ್ಟರಲ್ಲಿ ಸಾಲಿನ ಕೆಳಗೆ ಬೆರಳಿಟ್ಟಾಗಿತ್ತು. ತುಟಿ ಆಡಿಸುತ್ತ, ಒಂದೊಂದೇ ಅಕ್ಷರ ಹಿಡಿದು, ಯಾರ ಸಹಾಯವೂ ಇಲ್ಲದೆ ಓದಿದಳು. "ಒಡ... ಹುಟ್ಟಿ... ದವರು. ಇ... ಇಲ್ಲ."

ಸರಿಯಾಗಿಯೇ ಓದಿದ್ದಳು. ಅಪ್ಪನ ಕಡೆ ತಿರುಗಿದಳು. ಅವಳ ಮುಖದಲ್ಲಿ ಸಿಟ್ಟಿರಲಿಲ್ಲ. ಏನನ್ನೋ ಬಿಡಿಸುತ್ತಿದ್ದಳು, ಲೆಕ್ಕ ಬಿಡಿಸುವ ಹಾಗೆ. ಬಿಡಿಸಿಯೂಬಿಟ್ಟಳು.

"ಅಪ್ಪಾ," ಅಂದಳು ಮೆಲ್ಲಗೆ, "ನಿಂಗೂ ಓದೋಕೆ ಬರಲ್ವಾ?"

ಉತ್ತರಕ್ಕೂ ಕಾಯದೆ ಮೇಜಿನ ಕಡೆ ತಿರುಗಿದಳು.

"ಮೇಡಂ, ನಮ್ಮಪ್ಪಂಗೆ ಪ್ರಶ್ನೆ ಓದೋಕೆ ಬಂದಿಲ್ಲ. ಅದಕ್ಕೇ ಹಿಂಗೆ ಬರೆದಿದಾರೆ. ಗೊತ್ತಿದ್ದು ಯಾರಾದ್ರೂ ಹಿಂಗೆ ಬರೀತಾರಾ? ಚರ್ಚಲ್ಲಿ ಓದ್ತಾರೆ, ಆದ್ರೆ ಅದು ಬಾಯಿಪಾಠ ಇರ್ಬೇಕು. ನಾನೂ ಹಂಗೇ ಮಾಡೋದು. ಕಮೀಲ್ ಓದೋದನ್ನ ಕೇಳಿಸ್ಕೊಂಡು, ಆಮೇಲೆ ಪುಸ್ತಕ ಹಿಡ್ಕೊಂಡು ಹೇಳ್ತೀನಿ. ಯಾರಿಗೂ ಗೊತ್ತಾಗಲ್ಲ."

ಕಮೀಲ್ ಬಾಯಿ ತೆರೆದಳು. ದಿನಾ ಬೆಳಿಗ್ಗೆ ಅಪ್ಪ ಪೇಪರ್ ಓದುವುದನ್ನು ಅವಳು ನೋಡಿದ್ದವಳು. ಅಪ್ಪನ ಮುಖ ನೋಡಿದಳು. ಒಂಬತ್ತು ವರ್ಷಕ್ಕೆ ಎಷ್ಟು ಅರ್ಥವಾಗಬಹುದೋ ಅದಕ್ಕಿಂತ ಹೆಚ್ಚೇ ಅವಳಿಗೆ ಅರ್ಥವಾಯಿತು. ಬಾಯಿ ಮುಚ್ಚಿಕೊಂಡು ಅವನಿಂದ ಒಂದು ಹೆಜ್ಜೆ ದೂರ ನಿಂತಳು.

"ನೋಡಿ ಸರ್," ಅಂದಳು ಮಿಸ್ ಪೆಟಿಫೋರ್ಡ್, ದನಿ ಇಳಿಸಿ. "ಓದೋಕೆ ಬರದವ್ರಿಗೆ ಫಾರಂ ನಾವೇ ಓದಿ ಹೇಳ್ಬೇಕು, ಅದು ನಮ್ಮ ಕಟ್ಟಳೆ. ಹೇಳ್ದೆ ತಪ್ಪಾಗಿದ್ರೆ ತಪ್ಪು ಶಾಲೇದು. ಹಂಗಿದ್ರೆ ಕಾಯೋ ಪಟ್ಟೀಲಿ ಮೊದಲ್ನೇ ಹೆಸ್ರು ಇವಳ್ದು. ಪ್ರತಿ ಬೇಸಿಗೇಲೂ ನಾಲ್ಕೈದು ಮನೆಯವ್ರು ಊರು ಬಿಡ್ತಾರೆ, ಜಾಗ ಸಿಕ್ಕಿದ ಹಾಗೇ. ಆದ್ರೆ ಓದಿ ತಿಳ್ಕೊಂಡೇ ಬರೆದಿದ್ರೆ, ಇವತ್ತು ಹೊಸ ಅರ್ಜಿ, ಚೀಟಿ ಎತ್ತಿದ ಮೇಲೆ ಅಕ್ಕ-ತಂಗಿ ಲೆಕ್ಕ ಬರಲ್ಲ, ಇನ್ನೂರ ಹದಿನೈದನೇ ನಂಬರು. ನೀವೇ ಹೇಳ್ಬೇಕು. ನಿಮ್ಗೆ ಓದೋಕೆ ಬರುತ್ತಾ?"

ಸಿಸ್ಟರ್ ಬ್ರಾಡ್‌ನ್ಯಾಕ್ಸ್ ಮೂರು ಹೆಜ್ಜೆ ಹಿಂದೆ ಮೊಮ್ಮಗನ ಟೋಪಿ ಸರಿಮಾಡುತ್ತಿದ್ದಳು. ಎಷ್ಟು ಹೊತ್ತಿನಿಂದ ಸರಿಮಾಡುತ್ತಿದ್ದಳೋ.

ನಿಜ ಹೇಳಿದರೆ ಮಗಳ ಜಾಗ ಹೋಗುತ್ತದೆ. ಬರೀ ಜಾಗವಲ್ಲ, 'ಗೊತ್ತಿದ್ದು ಯಾರಾದ್ರೂ ಹಿಂಗೆ ಬರೀತಾರಾ' ಅಂದಳಲ್ಲ, ಆ ನಂಬಿಕೆಯೂ ಹೋಗುತ್ತದೆ. ಸುಳ್ಳು ಹೇಳಿದರೆ ಪಟ್ಟಿಯಲ್ಲಿ ಮೊದಲಿರುವ ಯಾರದೋ ಮಗು ಎರಡಕ್ಕೆ ಸರಿಯುತ್ತದೆ, ತಾನು ನಾಳೆಯಿಂದ ಬೀದಿಯ ಬಾಯಲ್ಲಿ ಓದುಬಾರದ ಡೀಕನ್. ಯಾವ ದಾರಿ ಹಿಡಿದರೂ ಅವನ ಮುಖಕ್ಕೆ ಮಸಿಯೇ. ಮಸಿ ಮಾಡಿಟ್ಟವನೂ ಅವನೇ ಆದ್ದರಿಂದ ಯಾರನ್ನು ಬೈಯುವುದು?

"ಬರಲ್ಲ," ಅಂದ.

"ಸ್ವಲ್ಪ ಜೋರಾಗಿ ಹೇಳಿ ಸರ್, ಬರ್ಕೋಬೇಕು."

"ನಂಗೆ ಓದೋಕೆ ಬರಲ್ಲ ಮೇಡಂ."

ಹಿಂದಿನಿಂದ "ಹ್ಞೂಂ" ಅಂತ ಒಂದು ಉದ್ದನೆಯ ಉಸಿರು ಕೇಳಿಸಿತು.

ಮಿಸ್ ಪೆಟಿಫೋರ್ಡ್ ಹೊಸ ಫಾರಂ ತೆಗೆದಳು. ಮಕ್ಕಳ ಪುಟ್ಟ ಕುರ್ಚಿಯೊಂದಿತ್ತು, ಅದರಲ್ಲೇ ಅವನನ್ನು ಕೂರಿಸಿದಳು. ಮೊಣಕಾಲು ಎದೆಗೆ ಬಂದವು. ಕಟ್ಟಳೆಯ ಪ್ರಕಾರ ಒಂದೊಂದೇ ಸಾಲನ್ನು ಗಟ್ಟಿಯಾಗಿ, ಬಿಡಿಸಿ ಬಿಡಿಸಿ ಓದಿದಳು. ಝಿಪೋರಾ ಅಪ್ಪನ ಭುಜಕ್ಕೆ ಒತ್ತಿ ನಿಂತು, ಅವಳು ಓದಿದ ಸಾಲಿನ ಕೆಳಗೆ ಬೆರಳು ಓಡಿಸುತ್ತ, ಅವನಿಗೆ ದಾರಿ ತೋರಿಸಿದಳು. "ಇಲ್ಲಿ ಅಪ್ಪಾ. ಈಗ ಇಲ್ಲಿದೀವಿ. ಅವಸರ ಇಲ್ಲ." ಆ ಬೆರಳಿನ ಹಿಂದೆ ಹಿಂದೆ ಅವನು ಕಣ್ಣು ಓಡಿಸಿದ, ಪ್ರತಿ ಅಕ್ಷರವೂ ಗೊತ್ತಿದ್ದವನು. ಅವನ ಮಗಳಿಗೆ ಯಾರೂ ಹೀಗೆ ಬೆರಳು ಹಿಡಿದು ಸಾಲು ತೋರಿಸಿರಲಿಲ್ಲ. ತಾನಂತೂ ಒಂದು ದಿನವೂ ತೋರಿಸಿರಲಿಲ್ಲ. ಕೊನೆಗೆ ಸಹಿ ಮಾಡುವಾಗ, ಅವನು ಬೇಕೆಂದು ಮಾಡದಿದ್ದರೂ, ಅದು ಓದುಬಾರದವನ ಸಹಿಯ ಹಾಗೇ ಸೊಟ್ಟಗಾಯಿತು.

ಬಾಗಿಲಲ್ಲಿ ಸಿಸ್ಟರ್ ಬ್ರಾಡ್‌ನ್ಯಾಕ್ಸ್ ಕಾದಿದ್ದಳು. ಮಕ್ಕಳು ಮುಂದೆ ಹೋಗಲೆಂದು ಬಿಟ್ಟು, "ನಾಳೆ ಎಷ್ಟನೇ ಅಧ್ಯಾಯ ಬಾಯಿಪಾಠ ಮಾಡ್ಕೊಂಡು ಬರ್ತೀಯಾ ಡೀಕನ್?" ಎಂದಳು.

"ನಾಳೆ ಬೇರೆ ಯಾರಾದ್ರೂ ಓದ್ಲಿ ಸಿಸ್ಟರ್."

"ಓದ್ಲಿ. ನಾನು ಬಾಯಿ ಬಿಡಲ್ಲ, ಹೆದರ್ಬೇಡ. ಆ ಮಗು ಸಲುವಾಗಿ ಬಿಡಲ್ಲ. ನಿನ್ನ ಸಲುವಾಗಿ ಅಲ್ಲ." ಮೊಮ್ಮಗನ ಕೈ ಹಿಡಿದು ಹೊರಟುಹೋದಳು.

ಬಸ್ಸಿನ ತಂಗುದಾಣದಲ್ಲಿ ಕಮೀಲ್ ಬೆಂಚಿನ ತುದಿಯಲ್ಲಿ, ಅಪ್ಪನಿಗೆ ಬೆನ್ನು ಹಾಕಿ ಕೂತಳು. ಗೆದ್ದ ಹುಡುಗಿ ಅವಳು, ಅವಳನ್ನು ಯಾರೂ ಹೊಗಳಿರಲಿಲ್ಲ. ವರ್ನಾಳಿಗೆ ಏನು ಹೇಳುವುದು? ಅವಳ ಮುಂದೆ ಓದುಬಾರದ ನಾಟಕ ಒಂದು ನಿಮಿಷವೂ ನಡೆಯುವುದಿಲ್ಲ. ಅವಳಿಗೆ ನಿಜವನ್ನೇ ಹೇಳಬೇಕು, ಅವಳು ಏನು ಮಾಡುತ್ತಾಳೋ ಅದನ್ನು ಅನುಭವಿಸಬೇಕು.

ಝಿಪೋರಾ ಪಕ್ಕದಲ್ಲಿ ಕೂತು ಅವನ ದೊಡ್ಡ ಕೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದುಕೊಂಡಳು.

"ನಂಗೆ ಯಾಕೆ ಹೇಳ್ಲಿಲ್ಲ ಅಪ್ಪಾ, ಇಷ್ಟು ದಿನ? ನಾಚ್ಕೆ ಆಗ್ತಿತ್ತಾ?"

ಕಮೀಲಳ ಬೆನ್ನು ಅಲುಗಾಡದೆ ಕೇಳಿಸಿಕೊಳ್ಳುತ್ತಿತ್ತು.

"ಹೂಂ," ಅಂದ. "ನಾಚ್ಕೆ ಆಗ್ತಿತ್ತು."

"ನಂಗೂ ಆಗುತ್ತೆ," ಅಂದಳು ಝಿಪೋರಾ, ಅವನ ಕೈ ಸವರುತ್ತ. "ನಾವಿಬ್ರೂ ಒಂದೇ ಬಿಡು."