ಕಣದಲ್ಲಿ ನಾಟಿ

ಬಳ್ಳಾರಿಯಲ್ಲಿ ನೀರಿಗೆ ಬರ ಬಂದೀತು, ಮಾತಿಗೆ ಮಾತ್ರ ಬಾರದು. ಎರಡನೇ ಮಹಾಯುದ್ಧ ಮುಗಿದ ಮರುವರ್ಷ ಕೋಟೆಗುಡ್ಡದ ಬುಡದಲ್ಲಿ ನಡೆದ ಬಾಕ್ಸಿಂಗಿನಲ್ಲಿ ಹುಲುಗಪ್ಪ ತನ್ನ ಹುಟ್ಟು ವರಸೆಯನ್ನು ಬಿಟ್ಟು ಎದುರಾಳಿಯ ಮೇಲೆ ಯಾಕೆ ನುಗ್ಗಿದ ಅಂತ ಕೇಳಿದರೆ ಸಾಕು, ಕೌಲ್ ಬಜಾರಿನ ಒಂದೊಂದು ಚಹಾದಂಗಡಿಯಲ್ಲಿ ಒಂದೊಂದು ಉತ್ತರ. ಜನ ಹಂಗಿಸಿದ್ದಕ್ಕೆ ರೋಷ ಬಂತು ಅಂದವರುಂಟು. ಭಂಗಿ ಸೇದಿದ್ದ ಅಂದವರುಂಟು. ಗುಡ್ಡದ ದೇವರು ಮೈಮೇಲೆ ಬಂದಿತ್ತು ಅಂತ ಆಣೆ ಇಟ್ಟು ಹೇಳಿದವರೂ ಇದ್ದರು. ನಿಜ ಗೊತ್ತಿದ್ದದ್ದು ಹುಲುಗಪ್ಪನಿಗೆ, ಅವನ ತಾಯಿ ಯಂಕಮ್ಮನಿಗೆ. ಅವರಿಬ್ಬರೂ ಚಹಾದಂಗಡಿಯಲ್ಲಿ ಕೂತು ಮಾತಾಡುವ ಪೈಕಿ ಅಲ್ಲ.

ಹುಲುಗಪ್ಪ ಸಿರುಗುಪ್ಪದವನು. ಅಲ್ಲಿ ಹೊಳೆಯಿಂದ ಬರುವ ಹಳೇ ಕಾಲುವೆಯ ನೀರಿಗೆ ನೆಲ್ಲು ಬೆಳೆಯುತ್ತಾರೆ. ಅಪ್ಪ ತೀರಿಕೊಂಡ ಮೇಲೆ ಅವನು ತಾಯಿಯ ಸೆರಗು ಹಿಡಿದು ಗದ್ದೆಗೆ ಇಳಿದ. ನಾಟಿ ಹೆಂಗಸರ ಕೆಲಸ. ಸಾಲಿನಲ್ಲಿ ಒಬ್ಬನೇ ಗಂಡು ಹುಡುಗ ಬಗ್ಗಿ ನಿಂತರೆ ಊರ ಗಂಡಸರು ಸುಮ್ಮನೆ ಬಿಟ್ಟಾರೆಯೇ? ನಕ್ಕರು. ಅವನು ನಟ್ಟ. ಕೆಸರಿನಲ್ಲಿ ಸಸಿ ಒತ್ತುವುದು, ಒಂದು ಹೆಜ್ಜೆ ಹಿಂದಕ್ಕೆ ಇಡುವುದು, ಮತ್ತೆ ಒತ್ತುವುದು. ಮುಂದಕ್ಕೆ ಕಾಲಿಟ್ಟರೆ ತಾನು ನಟ್ಟದ್ದನ್ನು ತಾನೇ ತುಳಿದಂತೆ.

"ಹಿಂದಕ್ಕ ಹೋಗೋದು ಸೋಲಲ್ಲಲೇ ಹುಲುಗ," ಅನ್ನುತ್ತಿದ್ದಳು ಯಂಕಮ್ಮ. "ನೀ ಹಿಂದ ಸರಿದಷ್ಟೂ ನಿನ್ನ ಮುಂದ ಹಸರು ಆಗತೈತಿ, ನೋಡು."

ಮೀಸೆ ಮೂಡಿದ ಮೇಲೆ ಅವನು ಬಳ್ಳಾರಿಗೆ ಬಂದು ಹತ್ತಿ ಮಿಲ್ಲಿನಲ್ಲಿ ಅಂಡಿಗೆ ಹೊರುವ ಕೆಲಸಕ್ಕೆ ಸೇರಿದ. ಮಿಲ್ಲಿನ ಹಿಂದೆಯೇ ಒಂದು ಗರಡಿ. ಅಲ್ಲಿ ಪಲ್ಟನ್ನಿನಿಂದ ಮರಳಿ ಬಂದ ಚಿನ್ನಪ್ಪ ಉಸ್ತಾದ್ ಒಂದಿಷ್ಟು ಹುಡುಗರಿಗೆ ಕುಸ್ತಿ ಬಿಡಿಸಿ ಬಾಕ್ಸಿಂಗ್ ಕಲಿಸುತ್ತಿದ್ದ. ಹುಲುಗಪ್ಪ ಅಲ್ಲಿಗೆ ಹೋದ ಮೊದಲ ದಿನ ಯಾವನೋ ಗವಸು ತೊಟ್ಟು ಅವನ ಮೋರೆಗೆ ಬೀಸಿದ. ಮೋರೆ ಅಲ್ಲಿರಲಿಲ್ಲ, ಒಂದು ಹೆಜ್ಜೆ ಹಿಂದಿತ್ತು. ಮತ್ತೆ ಬೀಸಿದ, ಮತ್ತೂ ಒಂದು ಹೆಜ್ಜೆ ಹಿಂದಿತ್ತು. ಉಸ್ತಾದ ಬಾಯಿ ತೆರೆದು ನೋಡಿದ.

"ಇದನ್ನ ಯಾರು ಕಲಿಸಿದ್ರಲೇ ನಿನಗ?"

"ನಮ್ಮವ್ವರೀ."

ಚೇಷ್ಟೆ ಮಾಡುತ್ತಿದ್ದಾನೆ ಅಂತ ಉಸ್ತಾದ ಗಹಗಹಿಸಿ ನಕ್ಕ. ಆದರೆ ಆ ಹೆಜ್ಜೆಯನ್ನು ತಿದ್ದಲು ಹೋಗಲಿಲ್ಲ. ಎದುರಾಳಿ ಗಾಳಿಗೆ ಗುದ್ದಿ ಗುದ್ದಿ ಸುಸ್ತಾಗಬೇಕು, ಆಗ ಹುಲುಗಪ್ಪನ ಎಡಗೈ ಮೆಲ್ಲಗೆ, ಸಸಿ ಒತ್ತಿದ ಹಾಗೆ, ಅವನ ಮೂಗಿಗೆ ತಾಗಬೇಕು. ಹೀಗೆಯೇ ಅವನು ಗೆಲ್ಲುತ್ತ ಹೋದ, 'ಹಿಂದ್ಹೆಜ್ಜಿ ಹುಲುಗ' ಅಂತ ಹೆಸರೂ ಬಂತು. ಊರಲ್ಲಿ ನಗೆಪಾಟಲಾದದ್ದು ಇಲ್ಲಿ ವಿದ್ಯೆಯಾಯಿತು. ಹುಲುಗಪ್ಪನಿಗೆ ಆ ಕಣದ ಮೇಲೆ ಬಂದ ಪ್ರೀತಿ ಅಷ್ಟಿಷ್ಟಲ್ಲ. ಅದನ್ನು ಬಿಟ್ಟು ಬದುಕುವುದನ್ನು ನೆನೆದರೆ ಎದೆ ಖಾಲಿಯಾಗುತ್ತಿತ್ತು.

ಸಿರುಗುಪ್ಪಕ್ಕೆ ಸುದ್ದಿ ಬೇರೆಯಾಗಿ ಮುಟ್ಟಿತು. ನಿನ್ನ ಮಗನನ್ನು ಬಳ್ಳಾರಿಯಲ್ಲಿ ನಿಲ್ಲಿಸಿ ಹೊಡೆಯುತ್ತಾರಂತೆ ಅಂತ ಯಾರೋ ಪುಣ್ಯಾತ್ಮರು ಯಂಕಮ್ಮನ ಕಿವಿಗೆ ಹಾಕಿದರು. ಆಕೆ ಇದ್ದಿಲಿನ ಹೊಗೆ ಕಾರುವ ಬಸ್ಸು ಹತ್ತಿ, ದಾರಿಯುದ್ದಕ್ಕೂ ಕೆಮ್ಮುತ್ತ, ಕುರುಗೋಡಿನ ಅಂಜಿನಪ್ಪನ ಜೊತೆ ಬಾಕ್ಸಿಂಗ್ ಇದ್ದ ದಿನವೇ ಬಂದಿಳಿದಳು.

"ಊರಿಗಿ ಬರೋದs ಬಿಟ್ಟೀದಿ. ಅದೇನು ಆಟ ಐತಿ, ನಾನೂ ಕಣ್ಣಾರೆ ನೋಡ್ತೀನಿ," ಅಂದಳು. "ನಿನ್ನ ಮೈ ಮ್ಯಾಲೆ ಏಟು ಬೀಳೋದನ್ನ ನೋಡಿದ್ನೋ, ಇವತ್ತs ನನ್ನ ಸಂಗಾಟ ಹೊಂಟು ಬರ್ಬೇಕು. ಮತ್ತ ಈ ಕಡಿ ಕಾಲಿಡಂಗಿಲ್ಲ. ಏನಂತಿ?"

"ನನಗ ಏಟು ಬೀಳಂಗಿಲ್ಲ ಬಿಡವ್ವಾ," ಅಂದ ಹುಲುಗಪ್ಪ. "ಬಿದ್ರ ಬರ್ತೀನಿ."

ತಾಯಿಗೆ ಕೊಟ್ಟ ಮಾತು ಅದು. ಕೊಡುವಾಗ ಅವನಿಗೆ ಭಯವೇ ಆಗಲಿಲ್ಲ. ಏಟು ತಪ್ಪಿಸಿಕೊಳ್ಳುವುದೇ ಅಲ್ಲವೆ ಅವನ ಕಸುಬು!

ಎದುರಾಳಿ ಅಂಜಿನಪ್ಪ ಕುರುಗೋಡು ಗುಡ್ಡದಲ್ಲಿ ಬಂಡೆ ಒಡೆಯುವವನು. ಸುತ್ತಿಗೆ ಎತ್ತಿದವನು ಅರ್ಧಕ್ಕೆ ಇಳಿಸುವುದುಂಟೆ? ಅವನ ಗುದ್ದೂ ಹಾಗೆಯೇ. ಗಂಟೆ ಬಾರಿಸಿದರೆ ನುಗ್ಗಬೇಕು, ಮುಂದಿದ್ದದ್ದು ಒಡೆಯುವ ತನಕ ನಿಲ್ಲಿಸಬಾರದು, ಅಷ್ಟೇ ಅವನಿಗೆ ಗೊತ್ತು. ಮನುಷ್ಯ ಒಳ್ಳೆಯವನೇ. ಬಂಡೆಯ ಮೇಲೆ ಯಾರಿಗಾದರೂ ಸಿಟ್ಟಿರುತ್ತದೆಯೇ, ಹಾಗೆ.

ಇನ್ನು ಗರಡಿಯ ಹಿರಿಯರ ಘನಕಾರ್ಯ ಹೇಳಬೇಕು. ಬಾಕ್ಸಿಂಗಿಗೆ ನೆಲ ಗಟ್ಟಿ ಇರಬೇಕು ಅಂತ ಚಿನ್ನಪ್ಪ ಉಸ್ತಾದ ಹೇಳಿದ್ದು ಅವರ ತಲೆಗೆ ಹೋಗಲೇ ಇಲ್ಲ. ಕಣ ಅಂದಮೇಲೆ ಕಣ. ಅಜ್ಜ ಮುತ್ತಜ್ಜನ ಕಾಲದಿಂದ ಕುಸ್ತಿಗೆ ಮಾಡುತ್ತ ಬಂದಂತೆ ಬೆಳಗಿನಿಂದಲೇ ಸಲಿಕೆ ಹಿಡಿದು ಕೆಮ್ಮಣ್ಣನ್ನು ಅಗೆದು ಮೆತ್ತಗೆ ಮಾಡಿದರು, ಎಣ್ಣೆ ಬಿಟ್ಟರು, ಮಜ್ಜಿಗೆ ಬಿಟ್ಟರು, ಹುಡುಗರ ಮೈಗೆ ನೋವಾಗದಿರಲಿ ಅಂತ ಅಕ್ಕರೆಯಿಂದ ಕೊಡಗಟ್ಟಲೆ ನೀರು ಹೊಯ್ದರು. ನಾಲ್ಕು ಕಂಬ ನೆಟ್ಟು ಹಗ್ಗ ಬಿಗಿದು ಮೀಸೆ ತೀಡಿಕೊಂಡು ಕೂತರು. ಉಸ್ತಾದ ಬಂದು ನೋಡಿದಾಗ ಕಣ ಹೂಳಾಗಿತ್ತು. ಜನ ಆಗಲೇ ಬಂಡೆಗಳ ಮೇಲೆ ಕಿಕ್ಕಿರಿದಿದ್ದರು. ಬೂಟು ಹೂತುಹೋಗುತ್ತವೆ, ಇಬ್ಬರೂ ಬರಿಗಾಲಲ್ಲೇ ಆಡಲಿ ಅಂತ ತೀರ್ಮಾನವಾಯಿತು.

ಹುಲುಗಪ್ಪ ಕಣಕ್ಕೆ ಇಳಿದ. ತಣ್ಣನೆಯ ಕೆಸರು ಬೆರಳ ಸಂದಿಯಿಂದ ಮೇಲಕ್ಕೆ ಬಂತು. ಎಷ್ಟೋ ವರ್ಷಗಳಾಗಿದ್ದವು, ಕಾಲು ಮರೆತಿರಲಿಲ್ಲ. ಗುಡ್ಡದ ಮೇಲಿನ ಸಂಜೆ ಬಿಸಿಲು ಒದ್ದೆ ಮಣ್ಣಿನಲ್ಲಿ ಹೊಳೆಯುತ್ತಿತ್ತು. ದೂರದಲ್ಲಿ, ಒಂದು ಬಂಡೆಯ ಪಕ್ಕ, ಸೆರಗು ಹೊದ್ದ ತಾಯಿ. ಅವನ ಮನಸ್ಸು ಒಂಥರಾ ಹಗುರಾಯಿತು.

ಹಗ್ಗಕ್ಕೆ ತೂಗಿಬಿಟ್ಟ ರೈಲು ಕಂಬಿಯ ತುಂಡಿಗೆ ಏಟು ಬಿತ್ತು. ಅಂಜಿನಪ್ಪ ನುಗ್ಗಿದ, ಹುಲುಗಪ್ಪ ಹಿಂದಕ್ಕೆ ಸರಿದ. ಬೇರೆ ಯಾರೇ ಆಗಿದ್ದರೂ ಆ ಕೆಸರಿನಲ್ಲಿ ಕಾಲು ಸಿಕ್ಕಿ ಬೀಳುತ್ತಿದ್ದರು. ಇವನಿಗೆ ಅದು ತೌರು. ಹಿಂದಕ್ಕೆ, ಹಿಂದಕ್ಕೆ, ಹಗ್ಗ ಬೆನ್ನಿಗೆ ತಾಗುವ ಮುನ್ನ ಪಕ್ಕಕ್ಕೆ, ಮತ್ತೆ ಹಿಂದಕ್ಕೆ. ಅಂಜಿನಪ್ಪನ ಗುದ್ದುಗಳೆಲ್ಲ ಗಾಳಿಯ ಪಾಲು. ಕುರುಗೋಡಿನ ಕಡೆಯವರು ಸಿಟ್ಟಿಗೆದ್ದು, "ಸೀರಿ ಉಟ್ಕೊಂಡು ನಾಟಿಗಿ ಹೋಗಲೇ!" ಅಂತ ಕೂಗಿದರು. ಯಂಕಮ್ಮ ತಲೆ ತಗ್ಗಿಸಿದ್ದು ಅವನಿಗೆ ಕಾಣಿಸಿತು. ಅದೊಂದು ಚುಚ್ಚಿತು. ಆದರೂ ಹೆಜ್ಜೆ ತಪ್ಪಲಿಲ್ಲ. ಮೊದಲ ಎರಡು ಸುತ್ತು ಹೀಗೆಯೇ ಹೋದವು.

ಮೂರನೆಯ ಸುತ್ತಿನಲ್ಲಿ ಬಿಸಿಲು ನೇರ ಕಣ್ಣಿಗೆ ಬಿತ್ತು. ರೆಪ್ಪೆ ಬಡಿಯುವಷ್ಟರಲ್ಲಿ ಅಂಜಿನಪ್ಪನ ಬಲಗೈ ಹುಲುಗಪ್ಪನ ಕಿವಿಯ ಮೇಲೆ ಇಳಿಯಿತು. ಆ ಏಟು ನೋಯಲೇ ಇಲ್ಲ. ಜನರ ಕೂಗು ಎಲ್ಲೋ ದೂರಕ್ಕೆ ಹೋಯಿತು, ಅದರ ಜಾಗದಲ್ಲಿ ಕಾಲುವೆ ನೀರು ಮಡಿಯಿಂದ ಮಡಿಗೆ ಇಳಿಯುವ ಸದ್ದು ಬಂತು. ಎಲ್ಲವೂ ನಿಧಾನವಾಯಿತು. ಕಣ್ಣು ತೆರೆದು ನೋಡಿದರೆ, ಅವನು ಸರಿದು ಬಂದ ದಾರಿಯುದ್ದಕ್ಕೂ ಸಸಿ.

ಸಾಲುಸಾಲಾಗಿ, ಎಳೆ ಹಸಿರು, ಗಾಳಿಗೆ ಒಂದಿಷ್ಟು ವಾಲಿಕೊಂಡು ನಿಂತಿದ್ದವು. ಅವನಿಗೆ ಆಶ್ಚರ್ಯವೇನೂ ಆಗಲಿಲ್ಲ. ಕನಸಿನಲ್ಲಿ ಯಾರಿಗೆ ತಾನೇ ಆಗುತ್ತದೆ? ಅಯ್ಯೋ, ಇಷ್ಟು ಹೊತ್ತೂ ನಾನು ನಡುತ್ತಲೇ ಇದ್ದೆನಲ್ಲ ಅನ್ನಿಸಿತು ಅಷ್ಟೇ. ಮಡಿ ಮುಕ್ಕಾಲು ತುಂಬಿತ್ತು. ಅವ್ವ ತನ್ನ ಸಾಲು ನಟ್ಟು ಮುಗಿಸಿ ಬದುವಿನ ಮೇಲೆ ನಿಂತು ನೋಡುತ್ತಿದ್ದಳು. ಅವನಿಗೆ ಅಳು ಬರುವಷ್ಟು ಸುಖವಾಯಿತು.

ಆ ಸಸಿಗಳ ನಡುವೆ ಅಂಜಿನಪ್ಪ ಬರುತ್ತಿದ್ದ. ಅವನ ದಪ್ಪ ಪಾದಗಳು ಒಂದೊಂದು ಹೆಜ್ಜೆಗೂ ಸಸಿಗಳನ್ನು ಹೂಳಿಗೆ ಒತ್ತುತ್ತಿದ್ದವು. ಇವನು ಹಿಂದೆ ಸರಿದಷ್ಟೂ ಅವನು ತುಳಿಯುತ್ತ ಬಂದ. ತನ್ನನ್ನು ಹೊಡೆದವರ ಮೇಲೆ ಹುಲುಗಪ್ಪನಿಗೆ ಎಂದೂ ಸಿಟ್ಟು ಬಂದದ್ದಿಲ್ಲ. ಆದರೆ ಇದು ಅವ್ವ ಸೊಂಟ ಮುರಿದುಕೊಂಡು ನಟ್ಟದ್ದು.

"ಹೋ! ಹೋಯ್!" ಅಂತ ಗದ್ದೆ ಹೊಕ್ಕ ದನವನ್ನು ಬೆದರಿಸುವಂತೆ ಅರಚಿ, ಹುಲುಗಪ್ಪ ಮುಂದಕ್ಕೆ ನುಗ್ಗಿದ.

ಕೋಟೆಗುಡ್ಡವೇ ಎದ್ದು ನಿಂತಿತು. ಎಡಗೈ, ಬಲಗೈ, ತಾನೂ ತಿಂದ, ಅವನಿಗೂ ಕೊಟ್ಟ. ಹುಬ್ಬು ಒಡೆಯಿತು, ತುಟಿ ಹರಿಯಿತು. ಉಸ್ತಾದ, "ಹಿಂದಕ್ಕಲೇ! ಹಿಂದಕ್ಕ!" ಅಂತ ಗಂಟಲು ಹರಿದುಕೊಂಡ, ಕೇಳುವವರು ಯಾರು? ಓಡುವ ಬಂಡೆಯನ್ನು ಕಂಡಿದ್ದ ಅಂಜಿನಪ್ಪ ತಿರುಗಿ ಬರುವ ಬಂಡೆಯನ್ನು ಕಂಡಿರಲಿಲ್ಲ. ತಬ್ಬಿಬ್ಬಾಗಿ ಹಿಂದೆ ಸರಿದ, ಸರಿದ, ಆಚೆಯ ಹಗ್ಗಕ್ಕೆ ಬೆನ್ನು ಕೊಟ್ಟು ತೂಗಾಡತೊಡಗಿದ. ಇನ್ನೊಂದು ಗುದ್ದು ಬಿದ್ದಿದ್ದರೆ ಮುಗಿಯುತ್ತಿತ್ತು.

ಆ ಗುದ್ದು ಬೀಳಲಿಲ್ಲ. ದನ ಬದು ಮುಟ್ಟಿತ್ತು, ಇನ್ನೇನು ಕೆಲಸ? ಹುಲುಗಪ್ಪ ಅವನಿಗೆ ಬೆನ್ನು ಮಾಡಿ, ಕಣದ ನಡುವೆ ಬಂದು, ಸೊಂಟ ಬಗ್ಗಿಸಿ, ಗವಸು ತೊಟ್ಟ ಕೈಯನ್ನು ಕೆಸರಿಗೆ ಒತ್ತಿದ. ಒಂದು ಹೆಜ್ಜೆ ಹಿಂದಕ್ಕೆ ಇಟ್ಟ. ಮತ್ತೆ ಒತ್ತಿದ. ತುಳಿದ ಸಸಿಗಳನ್ನು ಒಂದೊಂದಾಗಿ ಎತ್ತಿ ನಿಲ್ಲಿಸುತ್ತಿದ್ದ. ಬಾಕ್ಸಿಂಗಿನಲ್ಲಿ ಪಾದ ಬಿಟ್ಟು ಮೈಯ ಬೇರಾವ ಭಾಗ ನೆಲಕ್ಕೆ ತಾಗಿದರೂ ಬಿದ್ದ ಲೆಕ್ಕ. ತೀರ್ಪು ಕೊಡಲು ಕಣದಲ್ಲಿ ನಿಂತಿದ್ದ ಪಂಚ ಎಣಿಸತೊಡಗಿದ. ಸಾವಿರ ಜನ ನೋಡುತ್ತಿದ್ದರು, ಅವನು ನಡುತ್ತಲೇ ಇದ್ದ. ಎಣಿಕೆ ಮುಗಿಯಿತು. ಅಂಜಿನಪ್ಪ ಗೆದ್ದ.

ಯಾರೋ ಹುಲುಗಪ್ಪನ ತಲೆಗೆ ತಣ್ಣೀರು ಸುರಿದ ಮೇಲೆ ಕಣ ಮತ್ತೆ ಕಣವಾಯಿತು. ಸಸಿ ಇರಲಿಲ್ಲ. ಉಸ್ತಾದ ಸಿಟ್ಟಿನಲ್ಲಿ ಮುಖ ತಿರುಗಿಸಿದ್ದ. ಅಂಜಿನಪ್ಪನೇ ಬಂದು ಪಕ್ಕದಲ್ಲಿ ಕುಕ್ಕರಿಸಿ, "ಯಾಕಣ್ಣಾ ಬಗ್ಗಿದಿ? ಆಗ ನಾ ಹೊಡೀಲೇ ಇಲ್ಲಲ್ಲೋ," ಅಂತ ಅಳುಮೋರೆ ಮಾಡಿದ. ಹುಲುಗಪ್ಪ ಅವನ ಭುಜ ತಟ್ಟಿದ. ತಾಯಿಗೆ ಕೊಟ್ಟ ಮಾತು ನೆನಪಾಯಿತು. ಮಿಲ್ಲಿನ ಪಕ್ಕದ ಕೋಣೆಗೆ ಹೋಗಿ, ಎರಡು ಅಂಗಿ, ಒಂದು ಕಂಬಳಿ ಗಂಟು ಕಟ್ಟಿಕೊಂಡು, ತಾಯಿಯ ಹಿಂದೆ ಬಸ್ಸಿನ ಕಡೆಗೆ ನಡೆದ.

ಬಸ್ಸು ಇದ್ದಿಲು ತುಂಬಿಸಿಕೊಳ್ಳುತ್ತ ನಿಂತಿತ್ತು. ಅವನು ಗಂಟನ್ನು ಒಳಗೆ ಬಾಗಿಲ ಪಕ್ಕ ಕೂತ ಯಂಕಮ್ಮನ ಮಡಿಲಿಗೆ ಇಟ್ಟು ತಾನೂ ಹತ್ತಲು ಹೋದ. ಅವಳು ಅವನ ಒಡೆದ ಹುಬ್ಬನ್ನು ಸೆರಗಿನಿಂದ ಒತ್ತಿದಳು.

"ದನ ಹೊಕ್ಕಿತ್ತೇನಲೇ?" ಅಂದಳು.

ಹುಲುಗಪ್ಪ ಬೆಚ್ಚಿ ನೋಡಿದ. ಕಣ್ಣು ತುಂಬಿ ಬಂತು. "ಹೂನವ್ವಾ. ನೀ ನಟ್ಟಿದ್ದನ್ನೆಲ್ಲಾ ತುಳೀತಿತ್ತು."

"ನಾ ಒಂದು ತಿಳಕೊಂಡು ಬಂದಿದ್ದೆ," ಅಂದಳು ಯಂಕಮ್ಮ. "ನನ್ನ ಮಗಾ ಬಳ್ಳಾರಿ ಸೇರಿ ಕೆಸರಿಗಿ ನಾಚ್ಕೊಂಡಾನ, ಅದಕ್ಕs ಊರ ಕಡಿ ಮಾರಿ ಹಾಕವಲ್ಲ ಅಂತ. ಏಟಿಂದು ಬರೇ ನೆವಾ. ಸಾವಿರ ಮಂದಿ ಮುಂದ ನಾಟಿ ಹಾಕಿದೆಲ್ಲೋ ನನ್ನಪ್ಪಾ! ಕೂಗಿದೋರ ಕಣ್ಣ ಮುಂದs ಹಾಕಿದಿ."

ಮಡಿಲಲ್ಲಿದ್ದ ಗಂಟನ್ನು ಎತ್ತಿ ಅವನ ಎದೆಗೆ ದೂಡಿದಳು. "ತಗೋ. ಇಲ್ಲೇ ಇರು."

"ಮಾತು ಕೊಟ್ಟೀನಲ್ಲವ್ವಾ."

"ನಾ ತಗೊಂಡಿದ್ದೆ, ನಾನs ಬಿಟ್ಟೆ. ಆದ್ರ ಒಂದು ನೆಪ್ಪಿಟ್ಕೋ. ದನ ಬದು ದಾಟೈತೋ ಇಲ್ಲೋ ನೋಡ್ಕೊಂಡು ಬಗ್ಗಬೇಕು. ಬದುವಿನ ಮ್ಯಾಲೆ ನಿಂತ ದನಕ್ಕ ಬೆನ್ನು ಕೊಡತಾರೇನಲೇ, ಹುಚ್ಚ!"

ಬಸ್ಸು ಹೊಗೆ ಬಿಟ್ಟು ಅಲುಗಿತು. ಕಿಟಕಿಯಲ್ಲಿ ಅವಳ ಮುಖ ಮರೆಯಾಗುವ ತನಕ ನೋಡಬೇಕಲ್ಲ, ಹುಲುಗಪ್ಪ ಬೆನ್ನು ತಿರುಗಿಸಲಿಲ್ಲ. ಗಂಟನ್ನು ಎದೆಗೆ ಅವಚಿಕೊಂಡು, ಬಸ್ಸಿನ ಕಡೆಗೆ ಮುಖ ಮಾಡಿ, ಒಂದೊಂದೇ ಹೆಜ್ಜೆ ಹಿಂದಕ್ಕೆ ಇಡುತ್ತ ಗರಡಿಯ ದಾರಿ ಹಿಡಿದ.