ಜೋಯ್ಸ್ ಮನೆಯ ಸರದಿ

ಕೊಲ್ಲಿ ದೇಶದ ರಿಗ್ಗೈ ಬಡಾವಣೆಯ ಆ ಕಟ್ಟಡದಲ್ಲಿ ಮಂಗಳೂರು ಕಡೆಯ ಕ್ರೈಸ್ತ ಕುಟುಂಬಗಳು ಬಹಳ. ಅಕ್ಟೋಬರ್ ಬಂತೆಂದರೆ ಮಾತೆ ಮರಿಯಮ್ಮನ ಮೂರ್ತಿ ಮನೆಯಿಂದ ಮನೆಗೆ ಹೋಗುತ್ತದೆ. ಮೂರ್ತಿ ಬಂದ ಮನೆಯಲ್ಲಿ ಸಂಜೆ ಎಲ್ಲರೂ ಸೇರಿ ಜಪಸರ ಹೇಳುತ್ತಾರೆ, ಬೇಯಿಸಿದ ಕಡಲೆ ತಿನ್ನುತ್ತಾರೆ. ಯಾರ ಸರದಿ ಯಾವತ್ತು ಎಂದು ತೀರ್ಮಾನಿಸುವವರು ಕಟ್ಟಡದ ಹಿರಿಯ ಹೆಂಗಸು ಲೂರ್ಡ್ಸ್. ಅವರು ಹೇಳಿದ ಮೇಲೆ ಮುಗಿಯಿತು, ಎದುರಾಡುವವರಿಲ್ಲ.

ಈ ವರ್ಷವೂ ಮೂರ್ತಿ ಮೂರನೇ ಮಹಡಿಗೆ ಬಂದು ಒಂದು ಬಾಗಿಲನ್ನು ದಾಟಿ ಮುಂದೆ ಹೋಯಿತು. ಆ ಮನೆಯಲ್ಲಿರುವವಳು ಕೀನ್ಯಾದ ನರ್ಸ್ ಜೋಯ್ಸ್. ಅಲ್ಲಿ ವಾರದ ರಜೆ ಶುಕ್ರವಾರ, ಅಂದಿನ ಪೂಜೆಗೆ ಲೂರ್ಡ್ಸ್ ಹೋಗುವ ಚರ್ಚಿಗೇ ಅವಳೂ ಹೋಗುತ್ತಾಳೆ. ಕಳೆದ ತಿಂಗಳು ಊರಿನಲ್ಲಿ ಅವಳ ತಾಯಿ ತೀರಿಕೊಂಡಿದ್ದರು. ರಜೆ ಸಿಗದೆ ಮಣ್ಣಿಗೂ ಹೋಗಲಾಗಲಿಲ್ಲ. ತಾಯಿಯ ತಿಂಗಳ ಪ್ರಾರ್ಥನೆಯ ದಿನ ಮೂರ್ತಿ ತನ್ನ ಮನೆಗೆ ಬರಬಹುದೇ ಎಂದು ಅವಳು ಲಿಫ್ಟಿನ ಬಳಿ ಕೇಳಿದ್ದಳು. ನಿಮ್ಮ ಸರದಿ ಇಲ್ಲ ಎಂದು ಹೇಳಿ ಲೂರ್ಡ್ಸ್ ಲಿಫ್ಟ್ ಹತ್ತಿದ್ದರು. ಆಮೇಲೆ ಜೋಯ್ಸ್ ಪೂಜೆಗೆ ಬರುವುದನ್ನೇ ಬಿಟ್ಟಳು.

ಇದನ್ನು ಗಮನಿಸಿದವಳು ಮೇಲಿನ ಮಹಡಿಯ ವೆಲಿಟಾ. ಬಣ್ಣ, ಜನಾಂಗ ನೋಡಿ ಮಾಡುವ ಭೇದವನ್ನು ಸರಿಪಡಿಸಲು ಚರ್ಚಿನಲ್ಲಿ ಒಂದು ಸೇವಾ ತಂಡವಿದೆ, ಅವಳು ಅದರಲ್ಲಿದ್ದಾಳೆ. ಜೋಯ್ಸ್‌ಳನ್ನು ಮಾತನಾಡಿಸಿ ವಿಷಯ ತಿಳಿದುಕೊಂಡವಳೇ ನೇರ ಲೂರ್ಡ್ಸ್ ಮನೆಗೆ ಬಂದು, ತಾಯಿಯ ಪ್ರಾರ್ಥನೆಗೆಂದು ಕೇಳಿದವಳಿಗೆ ಸರದಿ ಯಾಕಿಲ್ಲ ಎಂದು ಕೇಳಿದಳು.

"ಅವಳಿಗೆ ಕೊಂಕಣಿ ಬರುದಿಲ್ಲ. ನಾವು ಹೋಗಿ ಎಂತ ಮಾಡುದು?" ಎಂದರು ಲೂರ್ಡ್ಸ್.

"ನಮ್ಮ ಕೆಳಗಿನ ಮನೆಯ ಡ್ಯಾರೆನ್‌ನ ಮಕ್ಕಳಿಗೆ ಬರ್ತದಾ ಆಂಟಿ? ಅವರು ಜಪ ಹೇಳಿದ್ದೆಲ್ಲ ಇಂಗ್ಲಿಷಿನಲ್ಲೇ. ಅವರಿಗೆ ಸರದಿ ಸಿಕ್ಕಿತಲ್ಲ."

ಲೂರ್ಡ್ಸ್ ಇನ್ನೊಂದು ಕಾರಣ ಹುಡುಕಿದರು. ಆ ಜನ ಹಾಡು ಜೋರಾಗಿ ಹಾಕುತ್ತಾರಂತೆ. ತಮ್ಮವರ ನಾಮಕರಣದ ಪಾರ್ಟಿಗಳಲ್ಲಿ ಕೆಳಗಿನವರು ಕಿವಿ ಮುಚ್ಚಿಕೊಳ್ಳುವುದನ್ನು ವೆಲಿಟಾ ನೆನಪಿಸಿದಳು. ಕಾರಣಗಳೆಲ್ಲ ಖಾಲಿಯಾದ ಮೇಲೆ ಲೂರ್ಡ್ಸ್ ಧ್ವನಿ ತಗ್ಗಿಸಿದರು.

"ಅವರ ಮನೆಯಲ್ಲಿ ಕೂತು ತಿನ್ನಲಿಕ್ಕೆ ನಮ್ಮವರಿಗೆ ಒಂಥರಾ ಆಗ್ತದೆ ಮಾರಾಯ್ತಿ."

"ಈಗ ನಿಜ ಹೇಳಿದಿರಿ. ಇದು ಭಾಷೆಯ ವಿಷಯ ಅಲ್ಲ, ಬಣ್ಣದ್ದು."

ಲೂರ್ಡ್ಸ್ ಅವರ ಗಂಡ ಆಂಥೋನಿ ಟಿವಿ ಆರಿಸಿದರು. "ಅವಳು ತಾಯಿಗೋಸ್ಕರ ಕೇಳಿದ್ದು ಅಂತ ನೀನು ನನಗೆ ಹೇಳ್ಲೇ ಇಲ್ಲ," ಎಂದರು ಹೆಂಡತಿಗೆ. ಲೂರ್ಡ್ಸ್‌ಗೆ ನಾಚಿಕೆಯಾಯಿತು. ಒಂದು ಕೇಕ್ ಕೊಟ್ಟು ಬಂದರೆ ಸಾಕೇ ಎಂದು ಕೇಳಿದರು.

"ಕೇಕ್ ಬೇಡ ಆಂಟಿ. ತಪ್ಪಾಯಿತು ಅನ್ನಿ, ಎಂತ ತಪ್ಪು ಅಂತಲೂ ಬಾಯಿಬಿಟ್ಟು ಹೇಳಿ. ಅವಳು ಮಾತಾಡುವಾಗ ನಡುವೆ ಸಮಜಾಯಿಷಿ ಕೊಡಬೇಡಿ. ಮತ್ತೆ, ಈ ಸರದಿಯ ಕ್ರಮವೇ ಬದಲಾಗಬೇಕು."

ಲೂರ್ಡ್ಸ್ ಮೂರನೇ ಮಹಡಿಗೆ ಹೋಗಿ ಬಾಗಿಲು ತಟ್ಟಿದರು. ಜೋಯ್ಸ್ ಬಾಗಿಲು ತೆರೆದಳು, ಒಳಗೆ ಕರೆಯಲಿಲ್ಲ. ಲೂರ್ಡ್ಸ್ ತಡವರಿಸುತ್ತಾ ಇಂಗ್ಲಿಷಿನಲ್ಲಿ ಹೇಳಿದರು: ನೀನು ಕಪ್ಪು ಎಂಬ ಕಾರಣಕ್ಕೆ ನಿನ್ನ ಮನೆ ಬಿಟ್ಟೆ, ಅದು ನನ್ನ ತಪ್ಪು.

"ತಿಂಗಳ ಪ್ರಾರ್ಥನೆ ಮೊನ್ನೆಯೇ ಮುಗಿಯಿತು," ಎಂದಳು ಜೋಯ್ಸ್. "ಫೋನಿನಲ್ಲಿ ಮಾತೆಯ ಚಿತ್ರ ತೆರೆದು, ಗೋಡೆಗೆ ಒರಗಿಸಿ, ಒಬ್ಬಳೇ ಜಪ ಹೇಳಿದೆ."

ಲೂರ್ಡ್ಸ್ ಕಣ್ಣು ಒರೆಸಿಕೊಂಡು, ಇವತ್ತು ಮೂರ್ತಿ ತರಬಹುದೇ ಎಂದಷ್ಟೇ ಕೇಳಿದರು.

"ತನ್ನಿ. ಆದರೆ ಮುಂದಿನ ವರ್ಷ ಪಾಪ ಅಂತ ತರಬೇಡಿ. ನನ್ನ ಸರದಿ ಅಂತ ತನ್ನಿ."

ಆ ಸಂಜೆ ಕೆಲವರು ಬರಲಿಲ್ಲ, ಬಂದವರಿಗೆ ಜೋಯ್ಸ್ ಚಹಾ ಮಾಡಿದಳು. ಜಪಸರ ಕೊಂಕಣಿ, ಇಂಗ್ಲಿಷ್, ಸ್ವಾಹಿಲಿ ಮೂರರಲ್ಲೂ ನಡೆಯಿತು. ಇನ್ನು ಮುಂದೆ ಸರದಿ ಮನೆ ನಂಬರಿನ ಪ್ರಕಾರ, ಯಾವ ದೇಶದವರೇ ಇರಲಿ, ಎಂದು ಲೂರ್ಡ್ಸ್ ಎಲ್ಲರೆದುರು ಹೇಳಿದರು. ಬಾರದವರ ಮನೆಗಳಿಗೂ ಮರುದಿನ ದಂಪತಿಗಳಿಬ್ಬರೂ ಹೋಗಿ ಅದನ್ನೇ ಹೇಳಿ ಬಂದರು.

ಇದನ್ನು ಓದುತ್ತಿರುವವರೇ, ನಿಮ್ಮ ಕಟ್ಟಡದಲ್ಲೂ ನಿಮ್ಮ ಚರ್ಚಿನವರೇ ಆದ ಆಫ್ರಿಕಾದವರು, ಬೇರೆ ಊರಿನವರು ಇರಬಹುದು. ಅವರನ್ನು ಬಿಟ್ಟು ನಡೆಯುವ ಪ್ರಾರ್ಥನೆ, ಊಟ, ಸಮಿತಿ ಯಾವುದು ಎಂದು ಇಂದೇ ನೋಡಿ. ತಪ್ಪಾಗಿದ್ದರೆ ಹೋಗಿ ಒಪ್ಪಿಕೊಳ್ಳಿ, ಕ್ರಮವನ್ನು ಬದಲಿಸಿ. ಜೋಯ್ಸ್ ತಾಯಿಯ ದಿನ ಮತ್ತೆ ಬರುವುದಿಲ್ಲ. ನಿಮ್ಮ ನೆರೆಯವರ ದಿನ ಕಳೆದುಹೋಗುವ ಮೊದಲು ಹೋಗಿ.